ಇಂಗ್ಲೆಂಡಿನ ಒಂದು ವರ್ಷಕ್ಕೆ ನ್ಯಾಲ್ಕಲ್‌ನ ನಾಲ್ಕು ವರ್ಷ

ಇಂಗ್ಲೆಂಡಿನ ವಿಶ್ವವಿದ್ಯಾಲಯಗಳಲ್ಲಿ ಸ್ನಾತಕೋತ್ತರ ಪದವಿ ಸಾಮಾನ್ಯವಾಗಿ ಒಂದೇ ವರ್ಷದ್ದು. ಸೆಪ್ಟೆಂಬರ್ ತಿಂಗಳ ಕೊನೆಯಲ್ಲಿ ಪಾಠ ಆರಂಭವಾಗಿ ಮರುವರ್ಷದ ಸೆಪ್ಟೆಂಬರ್ ಹೊತ್ತಿಗೆ ಎಲ್ಲವೂ ಮುಗಿದಿರುತ್ತದೆ. ಭಾರತದಲ್ಲಿ ಎರಡು ವರ್ಷ ಹಿಡಿಯುವ ಓದು ಅಲ್ಲಿ ಹನ್ನೆರಡು ತಿಂಗಳಲ್ಲಿ ಮುಗಿಯುತ್ತದೆ ಎಂಬುದೇ ಅನೇಕರಿಗೆ ಆಕರ್ಷಣೆ. ಆದರೆ ಆ ಒಂದು ವರ್ಷದ ಹಿಂದೆ ಕನಿಷ್ಠ ನಾಲ್ಕು ವರ್ಷಗಳ ಸಿದ್ಧತೆ ಇರಬೇಕಾಗುತ್ತದೆ. ಆ ಸಿದ್ಧತೆ ನಡೆಯುವುದು ಲಂಡನ್ನಿನಲ್ಲಲ್ಲ, ಹೈದರಾಬಾದಿನಲ್ಲೂ ಅಲ್ಲ. ನ್ಯಾಲ್ಕಲ್‌ನ ಮನೆಯಲ್ಲಿ, ಶಾಲೆಯಲ್ಲಿ, ತಹಸೀಲ್ದಾರರ ಕಚೇರಿಯಲ್ಲಿ.

ಮಕ್ಕಳನ್ನು ಕನ್ನಡ ಮಾಧ್ಯಮದಲ್ಲಿ ಓದಿಸುತ್ತಿರುವ ಗಡಿಯ ಕುಟುಂಬಗಳಲ್ಲಿ ಈ ವಿಷಯ ಎದ್ದಾಗಲೆಲ್ಲ ಮೊದಲು ಕೇಳಿಬರುವ ಪ್ರಶ್ನೆ ಒಂದೇ: ಕನ್ನಡದಲ್ಲಿ ಓದಿದ ಮಗುವಿಗೆ ಅಷ್ಟು ದೂರ ಹೋಗಲು ಸಾಧ್ಯವೇ? ಈ ಭಯದಿಂದಲೇ ಐದನೆಯ ತರಗತಿಗೋ ಆರನೆಯ ತರಗತಿಗೋ ಮಗುವನ್ನು ಶಾಲೆ ಬಿಡಿಸಿ ಪಟ್ಟಣದ ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸುವವರಿದ್ದಾರೆ. ಇಂಗ್ಲೆಂಡಿನ ಪ್ರವೇಶದ ನಿಯಮಗಳನ್ನು ಒಂದೊಂದಾಗಿ ಓದಿದರೆ ಬೇರೆಯೇ ಚಿತ್ರ ಕಾಣುತ್ತದೆ. ಹತ್ತನೆಯ ತರಗತಿಯ ಮಾಧ್ಯಮದಿಂದ ಅಲ್ಲಿ ಯಾರ ಅರ್ಜಿಯೂ ನಿಲ್ಲುವುದಿಲ್ಲ. ನಿಲ್ಲುವುದು ಕಾಗದಪತ್ರಗಳ ದೋಷದಿಂದ, ಹಣ ಸಮಯಕ್ಕೆ ಕೈಗೆ ಬಾರದಿರುವುದರಿಂದ, ತಿಂಗಳುಗಳ ಲೆಕ್ಕ ತಪ್ಪುವುದರಿಂದ.

ಎರಡು ರಾಜ್ಯಗಳ ನಡುವಿನ ಊರು

ನ್ಯಾಲ್ಕಲ್‌ನ ವಿದ್ಯಾರ್ಥಿಯ ಕಾಗದಪತ್ರಗಳು ಏಕೆ ತೊಡಕಾಗುತ್ತವೆ ಎಂಬುದಕ್ಕೆ ಇತಿಹಾಸದಲ್ಲಿ ಕಾರಣವಿದೆ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಹೈದರಾಬಾದ್ ಸಂಸ್ಥಾನದ ಬೀದರ್ ಜಿಲ್ಲೆ ಒಡೆಯಿತು. ನಿರ್ಣಾ ಸರ್ಕಲ್ ಬಿಟ್ಟು ಜಹೀರಾಬಾದ್ ತಾಲೂಕು, ಬೀದರ್ ತಾಲೂಕಿನ ನ್ಯಾಲ್ಕಲ್ ಸರ್ಕಲ್, ನಾರಾಯಣಖೇಡ್ ತಾಲೂಕು ಇವು ಮೈಸೂರು ರಾಜ್ಯಕ್ಕೆ ಸೇರದೆ ಆಂಧ್ರಪ್ರದೇಶದಲ್ಲಿ ಉಳಿದವು. ಗುಲ್ಬರ್ಗ ಜಿಲ್ಲೆಯ ತಾಂಡೂರು ಮತ್ತು ಕೊಡಂಗಲ್ ಕೂಡ ಹಾಗೆಯೇ ಉಳಿದವು. 2014ರಲ್ಲಿ ರಾಜ್ಯ ತೆಲಂಗಾಣವಾಯಿತು; 2016ರಲ್ಲಿ ನ್ಯಾಲ್ಕಲ್ ಮಂಡಲವು ಹೊಸ ಸಂಗಾರೆಡ್ಡಿ ಜಿಲ್ಲೆಯ ಪಾಲಾಯಿತು. ಊರು ಕದಲಲಿಲ್ಲ, ಅದರ ಮೇಲಿನ ಹೆಸರುಗಳು ಮಾತ್ರ ಬದಲಾದವು.

ಇದರ ಫಲವಾಗಿ ಒಂದೇ ಮನೆಯ ಮಕ್ಕಳಲ್ಲಿ ಒಬ್ಬರು ಜಹೀರಾಬಾದಿನಲ್ಲಿ ಇಂಟರ್‌ಮೀಡಿಯೆಟ್ ಓದಿದರೆ ಇನ್ನೊಬ್ಬರು ಬೀದರಿನಲ್ಲಿ ಪಿಯುಸಿ ಓದುತ್ತಾರೆ. ಪದವಿ ಕೆಲವರಿಗೆ ಉಸ್ಮಾನಿಯಾ ವಿಶ್ವವಿದ್ಯಾಲಯದ್ದು, ಕೆಲವರಿಗೆ ಗುಲ್ಬರ್ಗ ವಿಶ್ವವಿದ್ಯಾಲಯದ್ದು. ಇಂಗ್ಲೆಂಡಿನ ವಿಶ್ವವಿದ್ಯಾಲಯಕ್ಕೆ ಈ ವ್ಯತ್ಯಾಸ ದೊಡ್ಡದಲ್ಲ. ಆದರೆ ವಿದ್ಯಾರ್ಥಿವೇತನ ಕೊಡುವ ಸರ್ಕಾರಕ್ಕೆ ಅದು ಬಹಳ ದೊಡ್ಡದು. ಕರ್ನಾಟಕ ಸರ್ಕಾರದ ವಿದೇಶ ವ್ಯಾಸಂಗ ಯೋಜನೆಗಳು ಕರ್ನಾಟಕದ ನಿವಾಸಿಗಳಿಗೆ. ತೆಲಂಗಾಣದ ಯೋಜನೆಗಳು ತೆಲಂಗಾಣದ ನಿವಾಸಿಗಳಿಗೆ. ಬೀದರಿನಲ್ಲಿ ಐದು ವರ್ಷ ಓದಿದ ನ್ಯಾಲ್ಕಲ್‌ನ ವಿದ್ಯಾರ್ಥಿನಿ ಕನ್ನಡತಿಯಾದರೂ ಕರ್ನಾಟಕದ ನಿವಾಸಿಯಲ್ಲ. ಆಕೆಯ ಜಾತಿ, ಆದಾಯ ಮತ್ತು ನಿವಾಸದ ಪ್ರಮಾಣಪತ್ರಗಳು ಬರಬೇಕಾದದ್ದು ತನ್ನ ಮಂಡಲದ ಕಚೇರಿಯಿಂದಲೇ. ಒಂದೇ ಸಮುದಾಯ ಎರಡು ರಾಜ್ಯಗಳಲ್ಲಿ ಬೇರೆ ಬೇರೆ ಪ್ರವರ್ಗಗಳಲ್ಲಿ ಇರಬಹುದಾದ್ದರಿಂದ, ಬೀದರಿನ ಬಂಧುಗಳ ಮನೆಯಲ್ಲಿ ಕೇಳಿದ ಮಾತನ್ನು ನಂಬಿ ಅರ್ಜಿ ಹಾಕುವಂತಿಲ್ಲ.

ಕನ್ನಡದಿಂದ ಹೊರಟವರು

ಹೈದರಾಬಾದಿನಿಂದ ವಿದ್ಯಾರ್ಥಿವೇತನ ಪಡೆದು ಇಂಗ್ಲೆಂಡಿಗೆ ಹೋಗುವುದು ಹೊಸ ಮಾತಲ್ಲ. 1895ರಲ್ಲಿ ಹದಿನಾರು ವರ್ಷದ ಸರೋಜಿನಿ ಚಟ್ಟೋಪಾಧ್ಯಾಯ, ಮುಂದೆ ಸರೋಜಿನಿ ನಾಯ್ಡು ಎಂದು ಹೆಸರಾದವರು, ನಿಜಾಮರ ವಿದ್ಯಾರ್ಥಿವೇತನದಿಂದ ಲಂಡನ್ನಿನ ಕಿಂಗ್ಸ್ ಕಾಲೇಜಿಗೂ ಅಲ್ಲಿಂದ ಕೇಂಬ್ರಿಜ್‌ನ ಗರ್ಟನ್ ಕಾಲೇಜಿಗೂ ಹೋದರು.

ಕನ್ನಡನಾಡಿನ ಹಳ್ಳಿಗಳಿಂದ ಹೊರಟವರೂ ಇದ್ದಾರೆ. ಗೋಕಾಕ ತಾಲೂಕಿನ ಮಮದಾಪುರದಲ್ಲಿ 1899ರಲ್ಲಿ ಹುಟ್ಟಿದ ಡಿ.ಸಿ. ಪಾವಟೆ ಕೇಂಬ್ರಿಜ್‌ನಲ್ಲಿ ಗಣಿತ ಓದಿ ರ‍್ಯಾಂಗ್ಲರ್ ಎನಿಸಿಕೊಂಡರು. ಮುಂದೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಕುಲಪತಿಗಳಾದರು. ಸವಣೂರಿನ ವಿನಾಯಕ ಕೃಷ್ಣ ಗೋಕಾಕರು 1930ರ ದಶಕದಲ್ಲಿ ಆಕ್ಸ್‌ಫರ್ಡಿಗೆ ಹೋದರು; ಆ ಕಡಲ ಪಯಣ ಕನ್ನಡಕ್ಕೆ 'ಸಮುದ್ರ ಗೀತೆಗಳು' ಸಂಕಲನವನ್ನು ಕೊಟ್ಟಿತು. ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಗಣಿತ ಮತ್ತು ಸಂಖ್ಯಾಶಾಸ್ತ್ರ ಓದಿದ ಗಿರೀಶ ಕಾರ್ನಾಡರು ರೋಡ್ಸ್ ವಿದ್ಯಾರ್ಥಿವೇತನ ಪಡೆದು ಆಕ್ಸ್‌ಫರ್ಡಿಗೆ ಹೊರಡುವ ದಿನಗಳಲ್ಲಿ 'ಯಯಾತಿ' ನಾಟಕ ಬರೆದರು. ಅದುವರೆಗೆ ಇಂಗ್ಲಿಷ್ ಕವಿಯಾಗಬೇಕೆಂಬ ಹಂಬಲವಿದ್ದ ಅವರಿಗೆ, ನಾಟಕ ತಾನಾಗಿ ಕನ್ನಡದಲ್ಲಿ ಬಂದದ್ದು ಅಚ್ಚರಿಯ ಸಂಗತಿಯಾಗಿತ್ತು.

ಇವರೆಲ್ಲರಲ್ಲಿ ಇಂದಿನ ವಿದ್ಯಾರ್ಥಿಗೆ ಹೆಚ್ಚು ಹತ್ತಿರವಾದ ಉದಾಹರಣೆ ಯು.ಆರ್. ಅನಂತಮೂರ್ತಿಯವರದು. ತೀರ್ಥಹಳ್ಳಿ ತಾಲೂಕಿನಲ್ಲಿ ಹುಟ್ಟಿ, ಸಂಸ್ಕೃತ ಪಾಠಶಾಲೆಯಿಂದ ಓದು ಆರಂಭಿಸಿ, ಮೈಸೂರಿನಲ್ಲಿ ಇಂಗ್ಲಿಷ್ ಅಧ್ಯಾಪಕರಾಗಿದ್ದ ಅವರು ಕಾಮನ್‌ವೆಲ್ತ್ ವಿದ್ಯಾರ್ಥಿವೇತನದ ಮೇಲೆ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯಕ್ಕೆ ಹೋಗಿ 1966ರಲ್ಲಿ ಡಾಕ್ಟರೇಟ್ ಪಡೆದರು. 'ಸಂಸ್ಕಾರ' ಕಾದಂಬರಿಯನ್ನು ಅವರು ಬರೆದದ್ದು ಆ ಊರಿನಲ್ಲಿದ್ದಾಗಲೇ. ಇಂಗ್ಲಿಷಿನಲ್ಲಿ ಪ್ರೌಢಪ್ರಬಂಧ ರಚಿಸುತ್ತ, ಕನ್ನಡದಲ್ಲಿ ಕಾದಂಬರಿ ಬರೆಯುವುದು ಒಬ್ಬನೇ ವಿದ್ಯಾರ್ಥಿಗೆ ಒಂದೇ ಕಾಲದಲ್ಲಿ ಸಾಧ್ಯವಾಯಿತು.

ಇವರು ಅಸಾಧಾರಣ ಪ್ರತಿಭೆಯವರು, ಎಲ್ಲರೂ ಹಾಗಾಗಲಾರರು ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ಅವರ ಬದುಕು ಒಂದು ಸಂಗತಿಯನ್ನಂತೂ ತೋರಿಸುತ್ತದೆ. ಇಂಗ್ಲಿಷ್ ಚೆನ್ನಾಗಿ ಬರಬೇಕಾದರೆ ಕನ್ನಡವನ್ನು ಬಿಡಬೇಕಾಗಿಲ್ಲ; ಆದರೆ ಇಂಗ್ಲಿಷನ್ನು ಪಾಠಕ್ರಮದ ಒಂದು ವಿಷಯವೆಂದು ತೇಲಿಸಿಬಿಡದೆ, ಭಾಷೆಯೆಂದು ಕಲಿಯಬೇಕು.

ಇಂಗ್ಲಿಷ್ ಪರೀಕ್ಷೆ ಏನನ್ನು ಕೇಳುತ್ತದೆ

ಬಹುತೇಕ ವಿಶ್ವವಿದ್ಯಾಲಯಗಳು ಸ್ವೀಕರಿಸುವ ಐಇಎಲ್‌ಟಿಎಸ್ ಪರೀಕ್ಷೆಗೆ ನಾಲ್ಕು ಭಾಗಗಳಿವೆ: ಕೇಳುವುದು, ಓದುವುದು, ಬರೆಯುವುದು, ಮಾತನಾಡುವುದು. ಅಂಕ 9ರವರೆಗೆ. ಸ್ನಾತಕೋತ್ತರ ಪ್ರವೇಶಕ್ಕೆ ಸಾಮಾನ್ಯವಾಗಿ ಒಟ್ಟು 6.5, ಯಾವ ಭಾಗದಲ್ಲೂ 6ಕ್ಕಿಂತ ಕಡಿಮೆಯಿಲ್ಲದಂತೆ ಕೇಳುತ್ತಾರೆ. ಕಾನೂನು, ಸಾಹಿತ್ಯದಂತಹ ವಿಷಯಗಳಿಗೆ 7 ಅಥವಾ ಇನ್ನೂ ಹೆಚ್ಚು ಬೇಕಾಗಬಹುದು. ಫಲಿತಾಂಶ ಎರಡು ವರ್ಷ ಚಾಲ್ತಿಯಲ್ಲಿರುತ್ತದೆ. ಹನ್ನೆರಡನೆಯ ತರಗತಿಯ ಇಂಗ್ಲಿಷ್ ಅಂಕಗಳನ್ನೇ ಒಪ್ಪುವ ವಿಶ್ವವಿದ್ಯಾಲಯಗಳೂ ಇವೆ. ಯಾವ ಮಂಡಳಿಯ ಅಂಕ, ಎಷ್ಟು ಅಂಕ ಎಂಬುದನ್ನು ಆಯಾ ವಿಶ್ವವಿದ್ಯಾಲಯದಿಂದಲೇ ತಿಳಿಯಬೇಕು.

ಕನ್ನಡ ಮಾಧ್ಯಮದ ವಿದ್ಯಾರ್ಥಿಗಳು ಹಿಂದೆ ಬೀಳುವುದು ಹೆಚ್ಚಾಗಿ ಕೇಳುವ ಮತ್ತು ಮಾತನಾಡುವ ಭಾಗಗಳಲ್ಲಿ. ಕಾರಣ ಸರಳ: ಶಾಲೆಯಲ್ಲಿ ಇಂಗ್ಲಿಷನ್ನು ಓದಿ ಬರೆಯುತ್ತಾರೆ, ಕೇಳಿ ಮಾತನಾಡುವುದಿಲ್ಲ. ಇದನ್ನು ಪರೀಕ್ಷೆಗೆ ಮೂರು ತಿಂಗಳಿರುವಾಗ ಹೈದರಾಬಾದಿನ ತರಬೇತಿ ಕೇಂದ್ರದಲ್ಲಿ ಹಣ ಕೊಟ್ಟು ಸರಿಪಡಿಸಲಾಗದು. ಎಂಟನೆಯ ತರಗತಿಯಿಂದ ದಿನಕ್ಕೆ ಹದಿನೈದು ನಿಮಿಷ ಇಂಗ್ಲಿಷ್ ವಾರ್ತೆ ಕೇಳಿ, ಕೇಳಿದ್ದನ್ನು ಮೂರು ವಾಕ್ಯಗಳಲ್ಲಿ ಹೇಳುವ ಅಭ್ಯಾಸವಾದರೆ ಅದಕ್ಕೆ ಖರ್ಚೇ ಇಲ್ಲ. ಬರವಣಿಗೆಗೂ ಒಂದು ದಾರಿಯಿದೆ. ಒಂದು ವಿಷಯದ ಪರವಾಗಿ ಮತ್ತು ವಿರೋಧವಾಗಿ ಕ್ರಮವಾಗಿ ವಾದಿಸುವುದನ್ನು ಮೊದಲು ಕನ್ನಡದಲ್ಲಿ ಕಲಿತ ಮಗುವಿಗೆ ಅದನ್ನೇ ಇಂಗ್ಲಿಷಿನಲ್ಲಿ ಮಾಡುವಾಗ ಹುಡುಕಬೇಕಾದದ್ದು ಪದಗಳನ್ನು ಮಾತ್ರ. ಗೈಡ್ ಬಾಯಿಪಾಠ ಮಾಡಿದ ಮಗುವಿಗೆ ಪದಗಳೂ ಬೇಕು, ವಾದವೂ ಬೇಕು.

ಗಡಿಯ ಮಗು ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ನೆರೆಮನೆಯಲ್ಲಿ ದಖ್ಖನಿ ಉರ್ದು ಆಡುತ್ತ ಬೆಳೆಯುತ್ತದೆ. 2018ರ ಕಾಯ್ದೆಯ ನಂತರ ತೆಲಂಗಾಣದ ಶಾಲೆಗಳಲ್ಲಿ ತೆಲುಗು ಕಲಿಕೆಯೂ ಕಡ್ಡಾಯವಾಗಿದೆ. ಇದನ್ನು ಹೊರೆಯೆಂದು ಕಾಣುವವರು ಒಂದು ಮಾತನ್ನು ಮರೆಯುತ್ತಾರೆ: ಒಂದು ಭಾಷೆಯಿಂದ ಇನ್ನೊಂದಕ್ಕೆ ಹಗಲೆಲ್ಲ ದಾಟುತ್ತಿರುವ ಕಿವಿಗೆ ಐದನೆಯ ಭಾಷೆ ಅಷ್ಟೇನೂ ಅಪರಿಚಿತವಲ್ಲ.

ಹೆಸರು, ಜನನ ದಿನಾಂಕ, ಪ್ರಮಾಣಪತ್ರ

ಎಲ್ಲಕ್ಕಿಂತ ಮೊದಲು ಸರಿಪಡಿಸಬೇಕಾದದ್ದು ಹೆಸರು. ಗಡಿಯಲ್ಲಿ ಇದು ಸಣ್ಣ ವಿಷಯವಲ್ಲ. ತೆಲುಗಿನ ಪದ್ಧತಿಯಲ್ಲಿ ಮನೆತನದ ಹೆಸರು ಮೊದಲು ಬರುತ್ತದೆ, ಈ ಭಾಗದ ಕನ್ನಡಿಗರಲ್ಲಿ ಅನೇಕರಿಗೆ ಕೊನೆಯಲ್ಲಿ ಬರುತ್ತದೆ, ಕೆಲವರಿಗೆ ತಂದೆಯ ಹೆಸರೇ ಕೊನೆಯ ಹೆಸರು. ಹತ್ತನೆಯ ತರಗತಿಯ ಮೆಮೊದಲ್ಲಿ ಒಂದು ರೀತಿ, ಆಧಾರ್‌ನಲ್ಲಿ ಇನ್ನೊಂದು ರೀತಿ, ಬ್ಯಾಂಕಿನ ಪುಸ್ತಕದಲ್ಲಿ ಮೂರನೆಯ ರೀತಿ ಇದ್ದರೆ ಪಾಸ್‌ಪೋರ್ಟ್‌ನಿಂದ ವೀಸಾವರೆಗೆ ಪ್ರತಿ ಹಂತದಲ್ಲೂ ವಿವರಣೆ ಕೊಡುತ್ತ ಹೋಗಬೇಕಾಗುತ್ತದೆ. ಇಂಗ್ಲಿಷ್ ಕಾಗುಣಿತದಲ್ಲಿ ಒಂದು ಅಕ್ಷರ ಹೆಚ್ಚಾದರೂ ಅದು ಬೇರೆ ಹೆಸರೇ. ಒಂಬತ್ತನೆಯ ತರಗತಿಯಲ್ಲಿ, ಬೋರ್ಡಿಗೆ ಹೆಸರು ಕಳುಹಿಸುವ ಮೊದಲು, ಪೋಷಕರು ಶಾಲೆಗೆ ಹೋಗಿ ಮಗುವಿನ ಹೆಸರು, ತಂದೆ ತಾಯಿಯರ ಹೆಸರು, ಜನನ ದಿನಾಂಕ ಇವನ್ನು ಅಕ್ಷರ ಅಕ್ಷರವಾಗಿ ನೋಡಿ ಬಂದರೆ ಮುಂದಿನ ತೊಂದರೆಯ ಬಹುಪಾಲು ತಪ್ಪುತ್ತದೆ.

ಎರಡನೆಯದು ಜನನ ಪ್ರಮಾಣಪತ್ರ. ವೀಸಾಕ್ಕೆ ತೋರಿಸುವ ಹಣ ತಂದೆ ಅಥವಾ ತಾಯಿಯ ಖಾತೆಯಲ್ಲಿದ್ದರೆ, ಸಂಬಂಧವನ್ನು ತೋರಿಸುವ ಜನನ ಪ್ರಮಾಣಪತ್ರ ಹಾಗೂ ಅವರ ಒಪ್ಪಿಗೆ ಪತ್ರ ಬೇಕು. ಮನೆಯಲ್ಲೇ ಹೆರಿಗೆಯಾಗಿ ನೋಂದಣಿಯಾಗದ ಮಕ್ಕಳಿಗೆ ತಡವಾದ ನೋಂದಣಿಗೆ ಅವಕಾಶವಿದೆ, ಆದರೆ ಅದಕ್ಕೆ ತಿಂಗಳುಗಳು ಹಿಡಿಯುತ್ತವೆ. ಮೂರನೆಯದು ಆದಾಯ ಪ್ರಮಾಣಪತ್ರ. ಇದು ಅರ್ಜಿಯ ಕಾಲಕ್ಕೆ ಚಾಲ್ತಿಯಲ್ಲಿರಬೇಕು; ಹಳೆಯದನ್ನು ನಂಬಿ ಕುಳಿತರೆ ಕೊನೆಯ ದಿನ ಮೀಸೇವಾ ಕೇಂದ್ರದ ಮುಂದೆ ನಿಲ್ಲಬೇಕಾಗುತ್ತದೆ.

ಪದವಿಯ ಆಯ್ಕೆಯ ಬಗ್ಗೆಯೂ ಒಂದು ಮಾತು. ಇಂಗ್ಲೆಂಡಿನಲ್ಲಿ ಭಾರತದ ಮೂರು ವರ್ಷದ ಪದವಿ ಸ್ನಾತಕೋತ್ತರ ಪ್ರವೇಶಕ್ಕೆ ಸಾಮಾನ್ಯವಾಗಿ ಸಾಕು. ಅವರು ನೋಡುವುದು ಪದವಿಯ ಒಟ್ಟು ಅಂಕಗಳನ್ನು, ಪ್ರತಿ ಸೆಮಿಸ್ಟರ್‌ನ ಅಂಕಪಟ್ಟಿಯನ್ನು, ಇಬ್ಬರು ಅಧ್ಯಾಪಕರ ಶಿಫಾರಸು ಪತ್ರಗಳನ್ನು, ಈ ವಿಷಯವನ್ನೇ ಏಕೆ ಓದಬೇಕೆಂದಿದ್ದೀರಿ ಎಂಬ ಉದ್ದೇಶ ಪತ್ರವನ್ನು. ಶೇಕಡಾ 60 ಎಂಬುದು ಪ್ರವೇಶಕ್ಕೂ ಬಹುತೇಕ ವಿದ್ಯಾರ್ಥಿವೇತನಗಳಿಗೂ ಕನಿಷ್ಠ ಮೆಟ್ಟಿಲು. ಮೊದಲ ವರ್ಷ ಉದಾಸೀನವಾಗಿ ಕಳೆದು ಕೊನೆಯ ವರ್ಷ ಎದ್ದು ನಿಂತವರಿಗೆ ಆ ಮೆಟ್ಟಿಲು ಒಂದೆರಡು ಅಂಕಗಳಲ್ಲಿ ತಪ್ಪಿಹೋಗುತ್ತದೆ.

ಹಣದ ಲೆಕ್ಕ

ಲೆಕ್ಕವನ್ನು ಬಿಚ್ಚಿಯೇ ಇಡಬೇಕು. ಒಂದು ಪೌಂಡ್‌ಗೆ 115 ರೂಪಾಯಿ ಎಂದು ಹಿಡಿದು, ಲಂಡನ್ ಹೊರಗಿನ ಒಂದು ವಿಶ್ವವಿದ್ಯಾಲಯದ ಶುಲ್ಕ 18,000 ಪೌಂಡ್ ಎಂದಿಟ್ಟುಕೊಂಡರೆ ಅದೇ 20 ಲಕ್ಷ 70 ಸಾವಿರ ರೂಪಾಯಿ. 2025ರ ನವೆಂಬರ್‌ನಲ್ಲಿ ಜಾರಿಗೆ ಬಂದ ವೀಸಾ ನಿಯಮದಂತೆ ಜೀವನವೆಚ್ಚಕ್ಕಾಗಿ ಒಂಬತ್ತು ತಿಂಗಳ ಹಣ ತೋರಿಸಬೇಕು: ಲಂಡನ್ ಹೊರಗೆ ತಿಂಗಳಿಗೆ 1,171 ಪೌಂಡ್, ಲಂಡನ್ನಿನಲ್ಲಿ 1,529 ಪೌಂಡ್. ಲಂಡನ್ ಹೊರಗಿನ ಲೆಕ್ಕದಲ್ಲಿ ಅದು 10,539 ಪೌಂಡ್, ಅಂದರೆ ಸುಮಾರು 12 ಲಕ್ಷ 12 ಸಾವಿರ ರೂಪಾಯಿ. ಆರೋಗ್ಯ ಸೇವೆಯ ಶುಲ್ಕ ವಿದ್ಯಾರ್ಥಿಗಳಿಗೆ ವರ್ಷಕ್ಕೆ 776 ಪೌಂಡ್. ಒಂದು ವರ್ಷದ ಕೋರ್ಸಿಗೆ ವೀಸಾ ಅವಧಿ ಇನ್ನೂ ಕೆಲವು ತಿಂಗಳು ಮುಂದುವರಿಯುವುದರಿಂದ ಒಂದೂವರೆ ವರ್ಷದ ಲೆಕ್ಕ ಬೀಳುತ್ತದೆ: 1,164 ಪೌಂಡ್, ಸುಮಾರು 1 ಲಕ್ಷ 34 ಸಾವಿರ ರೂಪಾಯಿ. ವೀಸಾ ಶುಲ್ಕ 500 ಪೌಂಡ್‌ಗೂ ಮೇಲು. ವಿಮಾನ ದರ, ಚಳಿಯ ಬಟ್ಟೆ, ಪರೀಕ್ಷಾ ಶುಲ್ಕಗಳನ್ನು ಸೇರಿಸಿದರೆ ಒಟ್ಟು ಮೊತ್ತ 35 ಲಕ್ಷ ದಾಟುತ್ತದೆ.

ತೆಲಂಗಾಣ ಸರ್ಕಾರದ ನೆರವು ಇಲ್ಲಿ ದೊಡ್ಡ ಆಧಾರ. ಪರಿಶಿಷ್ಟ ಜಾತಿ ಮತ್ತು ಪಂಗಡಗಳಿಗೆ ಅಂಬೇಡ್ಕರ್ ಓವರ್‌ಸೀಸ್ ವಿದ್ಯಾನಿಧಿ, ಹಿಂದುಳಿದ ವರ್ಗಗಳಿಗೆ ಮಹಾತ್ಮ ಜ್ಯೋತಿಬಾ ಫುಲೆ ಓವರ್‌ಸೀಸ್ ವಿದ್ಯಾನಿಧಿ, ಅಲ್ಪಸಂಖ್ಯಾತರಿಗೆ ಮುಖ್ಯಮಂತ್ರಿ ಓವರ್‌ಸೀಸ್ ವಿದ್ಯಾರ್ಥಿವೇತನ, ಬ್ರಾಹ್ಮಣ ಸಂಕ್ಷೇಮ ಪರಿಷತ್ತಿನ ವಿವೇಕಾನಂದ ವಿದೇಶಿ ವಿದ್ಯಾ ಯೋಜನೆ ಇವು ಇವೆ. ಅಲ್ಪಸಂಖ್ಯಾತರೆಂದರೆ ಇಲ್ಲಿ ಧಾರ್ಮಿಕ ಅಲ್ಪಸಂಖ್ಯಾತರು. ಕನ್ನಡ ಮಾತೃಭಾಷೆಯೆಂಬ ಕಾರಣಕ್ಕೆ ಈ ವೇತನ ಸಿಗದು. ಗರಿಷ್ಠ ಮೊತ್ತ 20 ಲಕ್ಷ ರೂಪಾಯಿ. ಕುಟುಂಬದ ಆದಾಯದ ಮಿತಿಯನ್ನು ಆಯಾ ವರ್ಷದ ಪ್ರಕಟಣೆಯಲ್ಲೇ ನೋಡಿಕೊಳ್ಳಬೇಕು.

ಪೋಷಕರು ಗಮನಿಸದೆ ಹೋಗುವ ಅಂಶವೊಂದು ಈ ಯೋಜನೆಗಳಲ್ಲಿದೆ. ಹಣ ಬರುವುದು ಎರಡು ಕಂತುಗಳಲ್ಲಿ. ವಿದ್ಯಾರ್ಥಿ ಅಲ್ಲಿಗೆ ತಲುಪಿದ ದಾಖಲೆ ಸಲ್ಲಿಸಿದ ಮೇಲೆ ಮೊದಲನೆಯದು, ಮೊದಲ ಸೆಮಿಸ್ಟರ್ ಫಲಿತಾಂಶದ ನಂತರ ಎರಡನೆಯದು. ಅಂದರೆ ವಿಶ್ವವಿದ್ಯಾಲಯಕ್ಕೆ ಕಟ್ಟುವ ಮುಂಗಡ, ವೀಸಾ ಶುಲ್ಕ, ಆರೋಗ್ಯ ಶುಲ್ಕ, ಖಾತೆಯಲ್ಲಿ ತೋರಿಸಬೇಕಾದ ಜೀವನವೆಚ್ಚ ಇವೆಲ್ಲ ಸರ್ಕಾರದ ಒಂದು ರೂಪಾಯಿ ಬರುವ ಮೊದಲೇ ಕೈಯಲ್ಲಿರಬೇಕು. ಕಂತುಗಳು ಬಾಕಿ ಉಳಿದ ದೂರುಗಳೂ ಪತ್ರಿಕೆಗಳಲ್ಲಿ ಬಂದಿವೆ. ಆದ್ದರಿಂದ ಈ ವೇತನವನ್ನು ಮುಂದೆ ಸಾಲ ತೀರಿಸುವ ಹಣವೆಂದು ಎಣಿಸಬೇಕೇ ಹೊರತು ಹೊರಡುವ ಹಣವೆಂದಲ್ಲ.

ಸಾಲದ ವಿಷಯದಲ್ಲಿ ರೈತ ಕುಟುಂಬಗಳಿಗೆ ಇನ್ನೊಂದು ಅಡ್ಡಿ ಎದುರಾಗುತ್ತದೆ. ದೊಡ್ಡ ಮೊತ್ತದ ಶಿಕ್ಷಣ ಸಾಲಕ್ಕೆ ಬ್ಯಾಂಕು ಭದ್ರತೆ ಕೇಳುತ್ತದೆ. ಹೊಲವಿದೆ ಎಂದು ಪಟ್ಟಾದಾರ್ ಪಾಸ್‌ಬುಕ್ ತೋರಿಸಿದರೆ ಬಹುತೇಕ ಬ್ಯಾಂಕುಗಳು ಒಪ್ಪುವುದಿಲ್ಲ. ಸಾಲ ವಸೂಲಿಗೆ ಬ್ಯಾಂಕುಗಳಿಗೆ ಅಧಿಕಾರ ಕೊಡುವ 2002ರ ಸರ್ಫೇಸಿ ಕಾಯ್ದೆಯಿಂದ ಕೃಷಿಭೂಮಿಯನ್ನು ಹೊರಗಿಟ್ಟಿರುವುದೇ ಇದಕ್ಕೆ ಮುಖ್ಯ ಕಾರಣ. ರೈತನ ಭೂಮಿಯನ್ನು ಉಳಿಸಲೆಂದು ಮಾಡಿದ ರಕ್ಷಣೆ ಅದು. ಆದರೆ ಅದರಿಂದಲೇ ಕೆಲವರು ಖಾಸಗಿ ಸಾಲಗಾರರ ಬಡ್ಡಿಗೆ ಬೀಳುತ್ತಾರೆ ಅಥವಾ ಹೊಲವನ್ನೇ ಮಾರುತ್ತಾರೆ. ಜಹೀರಾಬಾದಿನ ರಾಷ್ಟ್ರೀಯ ಹೂಡಿಕೆ ಮತ್ತು ಉತ್ಪಾದನಾ ವಲಯಕ್ಕಾಗಿ ನ್ಯಾಲ್ಕಲ್ ಮತ್ತು ಝರಾಸಂಗಮ್ ಮಂಡಲಗಳಲ್ಲಿ ಭೂಸ್ವಾಧೀನ ನಡೆದಿದೆ. ಪರಿಹಾರದ ಹಣ ಕೈಗೆ ಬಂದ ಮನೆಗಳು ಈ ಲೆಕ್ಕವನ್ನು ಎರಡು ಬಾರಿ ಮಾಡಬೇಕು. ಆ ಹಣ ಒಮ್ಮೆ ಮಾತ್ರ ಬರುತ್ತದೆ.

15 ಲಕ್ಷ ರೂಪಾಯಿ ಸಾಲವನ್ನು ಶೇಕಡಾ 11ರ ಬಡ್ಡಿಯಲ್ಲಿ ಹತ್ತು ವರ್ಷ ತೀರಿಸುವುದಾದರೆ ತಿಂಗಳ ಕಂತು ಸುಮಾರು 20,600 ರೂಪಾಯಿ; ಕೊನೆಗೆ ಕಟ್ಟಿದ ಒಟ್ಟು ಹಣ 24 ಲಕ್ಷ 80 ಸಾವಿರದಷ್ಟು. ಮರಳಿ ಬಂದ ಮೇಲೆ ಸಿಗುವ ಉದ್ಯೋಗದಿಂದ ಈ ಕಂತು ಸಾಧ್ಯವೇ ಎಂಬ ಪ್ರಶ್ನೆಗೆ ಮನೆಯವರೆಲ್ಲ ಕುಳಿತು ಉತ್ತರ ಕಂಡುಕೊಂಡ ಮೇಲೆಯೇ ಅರ್ಜಿ ಹಾಕುವುದು ಲೇಸು.

ಪೂರ್ಣ ವೆಚ್ಚ ಭರಿಸುವ ವೇತನಗಳು

ಹೆಚ್ಚಿನ ಅಂಕ, ತಾಳ್ಮೆ ಎರಡೂ ಇದ್ದವರು ಮೊದಲು ನೋಡಬೇಕಾದದ್ದು ಶುಲ್ಕವನ್ನೂ ಜೀವನವೆಚ್ಚವನ್ನೂ ಪೂರ್ತಿಯಾಗಿ ಕೊಡುವ ವಿದ್ಯಾರ್ಥಿವೇತನಗಳನ್ನು. ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ ವರ್ಷಕ್ಕೆ 125 ಮಂದಿಗೆ ಸಿಗುತ್ತದೆ. ಪರಿಶಿಷ್ಟ ಜಾತಿ, ಅಲೆಮಾರಿ ಸಮುದಾಯಗಳಲ್ಲದೆ ಭೂರಹಿತ ಕೃಷಿ ಕಾರ್ಮಿಕರ ಮತ್ತು ಸಾಂಪ್ರದಾಯಿಕ ಕುಶಲಕರ್ಮಿಗಳ ಮಕ್ಕಳಿಗೂ ಅದರಲ್ಲಿ ಸ್ಥಾನವಿದೆ ಎಂಬುದು ಹಳ್ಳಿಗಳಲ್ಲಿ ಹೆಚ್ಚು ಜನಕ್ಕೆ ಗೊತ್ತಿಲ್ಲ. ಪರಿಶಿಷ್ಟ ಪಂಗಡಗಳಿಗೆ ಬುಡಕಟ್ಟು ವ್ಯವಹಾರಗಳ ಸಚಿವಾಲಯದ ಪ್ರತ್ಯೇಕ ಯೋಜನೆಯಿದೆ.

ಬ್ರಿಟನ್ ಕಡೆಯಿಂದ ಕಾಮನ್‌ವೆಲ್ತ್ ವೇತನಗಳಿವೆ. ಅವುಗಳಲ್ಲಿ ಹಂಚಿಕೆಯ ವೇತನ ಎಂಬುದು ಸ್ವಂತ ಹಣದಿಂದ ಹೋಗಲು ಶಕ್ತಿಯಿಲ್ಲದವರಿಗೆಂದೇ ಇರುವುದು. ಚೀವ್‌ನಿಂಗ್ ವೇತನಕ್ಕೆ ಪದವಿಯ ನಂತರ ಎರಡು ವರ್ಷದ, ಅಂದರೆ 2,800 ಗಂಟೆಗಳ, ಕೆಲಸದ ಅನುಭವ ಬೇಕು. ಓದು ಮುಗಿದ ಮೇಲೆ ಎರಡು ವರ್ಷ ಸ್ವದೇಶದಲ್ಲಿ ಇರಬೇಕೆಂಬ ಕರಾರೂ ಇದೆ. ಆಕ್ಸ್‌ಫರ್ಡ್, ರೀಡಿಂಗ್ ಮತ್ತು ಲಂಡನ್ನಿನ ಸೋಯಾಸ್‌ಗಳಲ್ಲಿ ಓದುವ ಭಾರತೀಯರಿಗೆ ಫೆಲಿಕ್ಸ್ ವೇತನವಿದೆ. ಇವೆಲ್ಲಕ್ಕೂ ಸ್ಪರ್ಧೆ ತೀವ್ರ. ಪದವಿ ಮುಗಿದ ಕೂಡಲೇ ಸಾಲದ ಮೇಲೆ ಹೊರಡುವುದಕ್ಕಿಂತ ಎರಡು ವರ್ಷ ದುಡಿದು, ಅನುಭವ ಗಳಿಸಿ, ಈ ವೇತನಗಳಿಗೆ ಅರ್ಜಿ ಹಾಕುವುದು ಅನೇಕ ಮನೆಗಳಿಗೆ ಹೆಚ್ಚು ಕ್ಷೇಮದ ದಾರಿ. ಇಪ್ಪತ್ತೊಂದಕ್ಕೆ ಹೋಗದವರು ಇಪ್ಪತ್ನಾಲ್ಕಕ್ಕೆ ಹೋಗಬಹುದು. ತೆಲಂಗಾಣದ ವಿದ್ಯಾನಿಧಿಗಳಿಗೂ ರಾಷ್ಟ್ರೀಯ ವೇತನಕ್ಕೂ ವಯಸ್ಸಿನ ಮಿತಿ 35.

ತಿಂಗಳುಗಳ ಎಣಿಕೆ

ಸೆಪ್ಟೆಂಬರ್‌ನಿಂದ ಹಿಂದಕ್ಕೆ ಎಣಿಸಿದರೆ ಯೋಜನೆ ತಾನಾಗಿ ಸ್ಪಷ್ಟವಾಗುತ್ತದೆ. ಹೊರಡುವ ವರ್ಷದ ಹಿಂದಿನ ಬೇಸಿಗೆಯೊಳಗೆ ಪಾಸ್‌ಪೋರ್ಟ್ ಕೈಯಲ್ಲಿರಬೇಕು, ಇಂಗ್ಲಿಷ್ ಪರೀಕ್ಷೆಯ ಸಿದ್ಧತೆ ಮುಗಿದಿರಬೇಕು. ಆಗಸ್ಟ್‌ನಿಂದ ಡಿಸೆಂಬರ್‌ವರೆಗೆ ಚೀವ್‌ನಿಂಗ್, ಕಾಮನ್‌ವೆಲ್ತ್ ಮುಂತಾದ ವೇತನಗಳ ಅರ್ಜಿಗಳ ಕಾಲ. ಅಕ್ಟೋಬರ್‌ನಿಂದ ಜನವರಿಯೊಳಗೆ ನಾಲ್ಕೈದು ವಿಶ್ವವಿದ್ಯಾಲಯಗಳಿಗೆ ಅರ್ಜಿ. ಅಂತಿಮ ವರ್ಷದ ಫಲಿತಾಂಶ ಬರುವ ಮೊದಲೇ ಅಲ್ಲಿಯವರು ಷರತ್ತಿನ ಪ್ರವೇಶ ಕೊಡುತ್ತಾರೆ. ಫಲಿತಾಂಶ ಬಂದ ಮೇಲೆ ಅದು ಖಚಿತವಾಗುತ್ತದೆ. ಮುಂಗಡ ಕಟ್ಟಿದ ನಂತರ ವಿಶ್ವವಿದ್ಯಾಲಯವು ಸಿಎಎಸ್ ಎಂಬ ಸಂಖ್ಯೆಯನ್ನು ಕೊಡುತ್ತದೆ. ಆ ಸಂಖ್ಯೆಯಿಲ್ಲದೆ ವೀಸಾ ಅರ್ಜಿಯಿಲ್ಲ. ತೋರಿಸುವ ಹಣ ಖಾತೆಯಲ್ಲಿ ಸತತ 28 ದಿನ ಇರಬೇಕು. ಇಪ್ಪತ್ತೇಳನೆಯ ದಿನ ಒಂದು ಸಾವಿರ ರೂಪಾಯಿ ತೆಗೆದು ಮೊತ್ತ ಕಡಿಮೆಯಾದರೂ ಎಣಿಕೆ ಮತ್ತೆ ಮೊದಲಿನಿಂದ. ಭಾರತದಿಂದ ಹೋಗುವವರಿಗೆ ಗೊತ್ತುಪಡಿಸಿದ ಕೇಂದ್ರದಲ್ಲಿ ಕ್ಷಯರೋಗದ ತಪಾಸಣೆಯೂ ಕಡ್ಡಾಯ.

ಏಜೆಂಟರ ಬಗ್ಗೆ ಎಚ್ಚರಿಕೆಯ ಮಾತು ಬೇಕು. ಅನೇಕ ಏಜೆಂಟರಿಗೆ ಕಮಿಷನ್ ಬರುವುದು ವಿಶ್ವವಿದ್ಯಾಲಯಗಳಿಂದ. ಹಾಗಾಗಿ ಅವರು ಹೇಳುವ ಹೆಸರು ವಿದ್ಯಾರ್ಥಿಗೆ ಒಳ್ಳೆಯದೆಂದೇ ಅರ್ಥವಲ್ಲ. ಅಲ್ಲಿ ಹೋಗಿ ದುಡಿದು ಶುಲ್ಕ ಕಟ್ಟಬಹುದು ಎಂದು ಯಾರಾದರೂ ಹೇಳಿದರೆ ಆ ಮಾತನ್ನು ಅಲ್ಲಿಯೇ ನಿಲ್ಲಿಸಬೇಕು. ಪಾಠದ ಅವಧಿಯಲ್ಲಿ ವಾರಕ್ಕೆ 20 ಗಂಟೆಗಿಂತ ಹೆಚ್ಚು ಕೆಲಸ ಮಾಡುವಂತಿಲ್ಲ. 2024ರ ಜನವರಿಯಿಂದ ಪಾಠಾಧಾರಿತ ಸ್ನಾತಕೋತ್ತರ ವಿದ್ಯಾರ್ಥಿಗಳು ಗಂಡ, ಹೆಂಡತಿ, ಮಕ್ಕಳನ್ನು ಕರೆದೊಯ್ಯುವಂತಿಲ್ಲ. ಓದಿದ ಮೇಲೆ ಅಲ್ಲೇ ಉಳಿದು ಕೆಲಸ ಹುಡುಕಲು ಕೊಡುತ್ತಿದ್ದ ಎರಡು ವರ್ಷದ ಅವಕಾಶವು 2027ರ ಜನವರಿ 1ರಿಂದ ಸಲ್ಲಿಸುವ ಅರ್ಜಿಗಳಿಗೆ 18 ತಿಂಗಳಿಗೆ ಇಳಿಯುತ್ತದೆ. ನಿಯಮಗಳು ಆಗಾಗ ಬದಲಾಗುವುದರಿಂದ ಬ್ರಿಟಿಷ್ ಸರ್ಕಾರದ ಅಧಿಕೃತ ಪ್ರಕಟಣೆಯೊಂದನ್ನೇ ನಂಬಬೇಕು.

ಆ ಒಂದು ವರ್ಷ

ಅಲ್ಲಿಗೆ ತಲುಪಿದ ಮೇಲೆ ಸಮಯ ಓಡುತ್ತದೆ. ಶರತ್ಕಾಲದ ಮತ್ತು ವಸಂತದ ಅವಧಿಗಳಲ್ಲಿ ಪಾಠ, ಬೇಸಿಗೆಯಲ್ಲಿ ಪ್ರೌಢಪ್ರಬಂಧ. ತರಗತಿಯ ಗಂಟೆಗಳು ಇಲ್ಲಿಗಿಂತ ಕಡಿಮೆ, ಓದಬೇಕಾದ ಪುಟಗಳು ಹಲವು ಪಟ್ಟು ಹೆಚ್ಚು. ಪುಸ್ತಕದಲ್ಲಿದ್ದುದನ್ನು ಇದ್ದಂತೆ ಬರೆದರೆ ಅದು ಶ್ರದ್ಧೆಯಲ್ಲ, ಕೃತಿಚೌರ್ಯ, ಅದಕ್ಕೆ ಶಿಕ್ಷೆಯಿದೆ. ಡಿಸೆಂಬರ್‌ನಲ್ಲಿ ಮಧ್ಯಾಹ್ನ ನಾಲ್ಕಕ್ಕೇ ಕತ್ತಲಾಗುತ್ತದೆ. ಜೋಳದ ರೊಟ್ಟಿ ತಟ್ಟುವುದು, ಅನ್ನ ಸಾರು ಮಾಡುವುದು ಗಂಡುಮಕ್ಕಳಿಗೂ ಬರುತ್ತಿರಬೇಕು. ಇದನ್ನೂ ಇಲ್ಲಿಯೇ ಕಲಿಯಬೇಕು. ಒಂಟಿತನ ಬಾಧಿಸಿದರೆ ವಿಶ್ವವಿದ್ಯಾಲಯದ ಆಪ್ತಸಲಹೆ ಸೇವೆಯನ್ನು ಕೇಳುವುದರಲ್ಲಿ ನಾಚಿಕೆಯಿಲ್ಲವೆಂದು ಹೊರಡುವ ಮೊದಲೇ ತಾಯಿತಂದೆ ಹೇಳಿ ಕಳುಹಿಸಬೇಕು.

ಕನ್ನಡ ಅಲ್ಲಿಯೂ ಇದೆ. ಕನ್ನಡ ಬಳಗ ಯು.ಕೆ.ಯಂತಹ ಸಂಘಟನೆಗಳು ಯುಗಾದಿ, ದೀಪಾವಳಿಗಳಿಗೆ ಸೇರುತ್ತವೆ. ಲಂಡನ್ನಿನ ಥೇಮ್ಸ್ ದಡದಲ್ಲಿ, ಲ್ಯಾಂಬೆತ್ ಬಳಿ, 2015ರ ನವೆಂಬರ್ 14ರಂದು ಅನಾವರಣಗೊಂಡ ಬಸವೇಶ್ವರರ ಪ್ರತಿಮೆಯಿದೆ. ಅದರ ಹಿಂದೆ ನಿಂತು ಶ್ರಮಿಸಿದವರು ಕಲಬುರಗಿ ಮೂಲದ, ಲ್ಯಾಂಬೆತ್‌ನ ಮೇಯರ್ ಆಗಿದ್ದ ಡಾ. ನೀರಜ್ ಪಾಟೀಲ್. ಬಸವಣ್ಣನವರ ಕಲ್ಯಾಣ ನ್ಯಾಲ್ಕಲ್‌ನ ಪಕ್ಕದ ಜಿಲ್ಲೆಯಲ್ಲೇ ಇದೆ.

ನ್ಯಾಲ್ಕಲ್‌ನ ವಿದ್ಯಾರ್ಥಿ ಅಲ್ಲಿಗೆ ಬರಿಗೈಯಲ್ಲಿ ಹೋಗುವುದಿಲ್ಲ ಎಂಬುದಕ್ಕೆ ಹತ್ತಿರದ ಸಾಕ್ಷಿಯೊಂದಿದೆ. 2001ರ ಜೂನ್‌ನಲ್ಲಿ ಜಹೀರಾಬಾದ್ ಬಳಿಯ ಅಲ್ಗೋಲ್‌ನಲ್ಲಿ 'ಪ್ರಜಾತೀರ್ಪು' ಎಂಬ ರೈತರ ನ್ಯಾಯಮಂಡಳಿ ಕುಳಿತು ರಾಜ್ಯದ ಕೃಷಿ ಭವಿಷ್ಯದ ಬಗ್ಗೆ ತೀರ್ಪು ಕೊಟ್ಟಿತು. ಅದರ ಸಂಘಟಕರಲ್ಲಿ ಲಂಡನ್ನಿನ ಒಂದು ಪರಿಸರ ಸಂಶೋಧನಾ ಸಂಸ್ಥೆಯೂ ಸಸೆಕ್ಸ್ ವಿಶ್ವವಿದ್ಯಾಲಯದ ಅಭಿವೃದ್ಧಿ ಅಧ್ಯಯನ ಸಂಸ್ಥೆಯೂ ಇದ್ದವು. ಪಸ್ತಾಪುರದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಮಹಿಳೆಯರ ಸಿರಿಧಾನ್ಯ ಬೇಸಾಯ ಹೊರದೇಶದ ಸಂಶೋಧಕರನ್ನು ಈ ಕೆಂಪು ನೆಲಕ್ಕೆ ಕರೆತಂದಿದೆ. ಇಂಗ್ಲೆಂಡಿನವರು ಇಲ್ಲಿಗೆ ಬಂದು ತಿಳಿಯಲು ಯತ್ನಿಸಿದ ಮಳೆಯಾಶ್ರಿತ ಬೇಸಾಯ, ಬೀಜ ಕೂಡಿಡುವ ಕ್ರಮ, ಗಡಿಯ ಬಹುಭಾಷಿಕತೆ ಇವೆಲ್ಲ ಈ ಊರಿನ ಮಗುವಿಗೆ ಹುಟ್ಟಿನಿಂದ ಗೊತ್ತು. ಪ್ರೌಢಪ್ರಬಂಧಕ್ಕೆ ವಿಷಯ ಹುಡುಕುವಾಗ ಅದು ನೆನಪಿನಲ್ಲಿರಬೇಕು. ಅದನ್ನು ಹೇಳಿದ ಭಾಷೆಯೂ ನೆನಪಿನಲ್ಲಿರಬೇಕು.

ಎಲ್ಲರೂ ಹೋಗಬೇಕೆಂದಿಲ್ಲ. ಲೆಕ್ಕ ಹಾಕಿ, ಈ ಬಾರಿ ಬೇಡವೆಂದು ನಿರ್ಧರಿಸುವ ಕುಟುಂಬವೂ ಸರಿಯಾಗಿಯೇ ಯೋಜಿಸಿದಂತೆ. ಆದರೆ ಹೋಗಲಾಗದು ಎಂಬ ಅಂಜಿಕೆಯಿಂದ ಮಗುವನ್ನು ಕನ್ನಡ ಶಾಲೆ ಬಿಡಿಸುವ ಅಗತ್ಯವಿಲ್ಲ. ಅದರ ಬದಲು ಒಂಬತ್ತನೆಯ ತರಗತಿಯ ಮಗುವಿರುವ ಮನೆಯವರು ಈ ವಾರವೇ ಒಂದು ಕೆಲಸ ಮಾಡಬಹುದು: ಮಗುವಿನ ಆಧಾರ್ ಕಾರ್ಡ್, ಜನನ ಪ್ರಮಾಣಪತ್ರ ಹಿಡಿದು ಶಾಲೆಗೆ ಹೋಗಿ, ದಾಖಲಾತಿ ಪುಸ್ತಕದಲ್ಲಿ ಮಗುವಿನ ಹೆಸರು ಹೇಗೆ ಬರೆದಿದೆ ಎಂದು ಮುಖ್ಯಗುರುಗಳ ಎದುರು ಒಮ್ಮೆ ಓದಿಕೊಂಡು ಬರುವುದು.